ಅಮ್ಮಣ್ಣಿ ನಿಂತ್ಲಾ?

ನಮ್ಮ ಕಂಪನಿಯ ಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಬಿದ್ದದ್ದು ನಾನು ದೊಡ್ಡ ವಿದ್ವಾಂಸೆ ಎಂದಲ್ಲ, ಬಾಯಿಬಡುಕಿ ಎಂದು. ಸುವರ್ಣ ಮಹೋತ್ಸವಕ್ಕೆ ಒಂದು ಪುಸ್ತಕ ತರಬೇಕು, ಹಳೆಯ ವಿಷಯವೆಲ್ಲ ಯಾರಿಗೆ ಗೊತ್ತು ಎಂದು ಮೀಟಿಂಗಿನಲ್ಲಿ ಕೇಳಿದಾಗ ಅಷ್ಟೂ ಜನ ಒಟ್ಟಿಗೆ ನನ್ನ ಕಡೆ ತಿರುಗಿದರು. ಮೂವತ್ತು ವರ್ಷ ಒಂದೇ ಕಡೆ ಕೂತವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೇ?

ನಾವು ಮಾಡುವುದು ತಕ್ಕಡಿ. ತಕ್ಕಡಿ ಎಂದ ಕೂಡಲೇ ನಮ್ಮ ಹನುಮಂತನಗರದ ಬೀದಿಯವರಿಗೆ ಈರುಳ್ಳಿ ಗಾಡಿಯೇ ನೆನಪಾಗುತ್ತದೆ. ‘ಒಂದು ಕೆ.ಜಿ.ಗೆ ನೂರು ಗ್ರಾಂ ಹೊಡೆಯೋದು ನೀವೇ ಕಲಿಸಿಕೊಡೋದಾ?’ ಎಂದು ಪಕ್ಕದ ಮನೆಯಾಕೆ ನನ್ನನ್ನು ಎಷ್ಟೋ ವರ್ಷ ಛೇಡಿಸಿದ್ದಾಳೆ. ನಮ್ಮದು ಗಾಜಿನ ಪೆಟ್ಟಿಗೆಯೊಳಗೆ ಕೂತ ತಕ್ಕಡಿ ಕಣಮ್ಮಾ, ಕಾಲೇಜಿನ ಲ್ಯಾಬಿಗೆ, ಔಷಧಿ ಕಂಪನಿಗೆ ಹೋಗುವಂಥದ್ದು, ನಿನ್ನ ತಲೆಗೂದಲೊಂದು ಉದುರಿದರೂ ಅದರ ತೂಕ ಹೇಳುತ್ತದೆ ಎಂದು ನಾನೂ ಬಿಡದೆ ಹೇಳಿದ್ದೇನೆ. ಈಗ ಎಲ್ಲವೂ ಎಲೆಕ್ಟ್ರಾನಿಕ್ಕು. ಗುಂಡಿ ಒತ್ತಿದರೆ ಅಂಕಿ ಬರುತ್ತದೆ. ಆದರೆ ನಾನು ಸೇರಿದಾಗ ಎರಡು ತಟ್ಟೆ, ನಡುವೆ ಒಂದು ಹಿತ್ತಾಳೆಯ ದಂಡ, ಅದರಿಂದ ಕೆಳಗೆ ಇಳಿದ ಉದ್ದನೆಯ ಮುಳ್ಳು. ಆ ಮುಳ್ಳು ಎಡಕ್ಕೆ ಬಲಕ್ಕೆ ತೂಗಿ ತೂಗಿ, ಕೊನೆಗೆ ಮನಸ್ಸು ಬಂದಾಗ ನಿಲ್ಲಬೇಕು. ಅದು ನಿಂತ ಮೇಲೆಯೇ ತೂಕ.

ಮುಳ್ಳು ನಿಲ್ಲಬೇಕಾದರೆ ನಾವು ಮನುಷ್ಯರಂತೆ ಇರುವ ಹಾಗಿರಲಿಲ್ಲ. ತೂಕದ ಕೋಣೆಯಲ್ಲಿ ಫ್ಯಾನ್ ಇಲ್ಲ, ಮಾತಿಲ್ಲ, ಸೆರಗು ಬೀಸುವಂತಿಲ್ಲ. ಏಪ್ರಿಲ್ ತಿಂಗಳಲ್ಲಿ ಬೆವರು ಬೆನ್ನಿನಲ್ಲಿ ಇಳಿಯುತ್ತಿದ್ದರೂ ಗೊಂಬೆಯ ಹಾಗೆ ಕೂತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ನಗುವಂತಿಲ್ಲ. ನನ್ನಂಥವಳನ್ನು ಆ ಕೋಣೆಗೆ ಹಾಕಿದ್ದು ಯಾವ ಪುಣ್ಯಾತ್ಮನ ಬುದ್ಧಿಯೋ ಕಾಣೆ.

ಮೊದಲ ದಿನವೇ ಎಡವಟ್ಟು ಮಾಡಿಕೊಂಡೆ. ಕಂಪನಿ ಶುರುವಾದಾಗಿನಿಂದ ಇದ್ದ ಮೇಸ್ತ್ರಿಯೊಬ್ಬರು ತಕ್ಕಡಿಯ ಹಿಂದೆ ನಿಂತು ಸ್ಕ್ರೂ ತಿರುಗಿಸುತ್ತಿದ್ದರು. ಮುಂದೆ ಒಬ್ಬ ಹಳೆಯ ಕೆಲಸದಾಕೆ ಮಸೂರ ಹಿಡಿದು ಮುಳ್ಳನ್ನೇ ನೋಡುತ್ತಿದ್ದಳು. ನಾನು ಮೂಲೆಯಲ್ಲಿ ಕೂತಿದ್ದೆ. ಮೇಸ್ತ್ರಿ ಇದ್ದಕ್ಕಿದ್ದಂತೆ, ‘ಅಮ್ಮಣ್ಣಿ ನಿಂತ್ಲಾ?’ ಎಂದರು. ನಮ್ಮ ಮನೆಯಲ್ಲಿ ಅಜ್ಜಿ ನನ್ನನ್ನು ಮುದ್ದಿಗೆ ಕರೆಯುತ್ತಿದ್ದದ್ದು ಅಮ್ಮಣ್ಣಿ ಎಂದೇ. ಇವರಿಗೆ ಹೇಗೆ ಗೊತ್ತಾಯಿತಪ್ಪಾ, ಕೂತದ್ದು ತಪ್ಪಾಯಿತೇನೋ ಎಂದು ಗಾಬರಿಯಾಗಿ ಧಡಕ್ಕನೆ ಎದ್ದು ನಿಂತೆ. ಮಸೂರದಾಕೆ ನನ್ನನ್ನು ನೋಡಿದಳು, ಮುಳ್ಳನ್ನು ನೋಡಿದಳು, ತುಟಿ ಕಚ್ಚಿಕೊಂಡಳು. ನಕ್ಕರೆ ಉಸಿರಿಗೆ ಮುಳ್ಳು ಓಡುತ್ತದಲ್ಲ! ಅವಳೂ ಮೇಸ್ತ್ರಿಯೂ ಕಣ್ಣಲ್ಲಿ ನೀರು ತುಂಬಿಕೊಂಡು ಹೊರಗೆ ಹೋಗಿ, ಬಾಗಿಲು ಹಾಕಿಕೊಂಡು, ಕಾರಿಡಾರಿನಲ್ಲಿ ಬಿದ್ದು ಬಿದ್ದು ನಕ್ಕರು. ನಾನು ಒಳಗೆ ನಿಂತೇ ಇದ್ದೆ.

ಆಮೇಲೆ ತಿಳಿಯಿತು, ಅಮ್ಮಣ್ಣಿ ಎಂದರೆ ಮುಳ್ಳು. ಹಿಂದೆ ನಿಂತವರು ‘ಅಮ್ಮಣ್ಣಿ ನಿಂತ್ಲಾ?’ ಎಂದು ಕೇಳಬೇಕು. ಮುಂದೆ ಕೂತವರು ಮುಳ್ಳು ನಿಂತಾಗ ‘ನಿಂತ್ರು ಸಾರ್’ ಎನ್ನಬೇಕು. ಇದು ಕಂಪನಿಯ ಕಟ್ಟಳೆ. ನನಗೆ ಆಗಿನಿಂದಲೂ ಒಂದು ಅನುಮಾನ: ಪ್ರಶ್ನೆಯಲ್ಲಿ ‘ನಿಂತ್ಲಾ’ ಎಂದು ಏಕವಚನ, ಉತ್ತರದಲ್ಲಿ ‘ನಿಂತ್ರು’ ಎಂದು ಬಹುವಚನ. ಒಂದು ಹಿತ್ತಾಳೆ ಮುಳ್ಳಿಗೆ ಒಬ್ಬರು ಮರ್ಯಾದೆ ಕೊಡುವುದು, ಒಬ್ಬರು ಕೊಡದಿರುವುದು ಎಂಥ ನ್ಯಾಯ? ಮೇಸ್ತ್ರಿಯನ್ನು ಕೇಳಿದೆ. ‘ಕೆಲ್ಸ ನೋಡಮ್ಮ’ ಎಂದರು. ಅವರು ಯಾವುದಕ್ಕೂ ಕಾರಣ ಹೇಳಿದವರಲ್ಲ. ನಿವೃತ್ತರಾಗಿ ಹೋದರು, ಈಗ ಅವರೂ ಇಲ್ಲ.

ಅಮ್ಮಣ್ಣಿ ಹೆಣ್ಣಾದ ಮೇಲೆ ಹೆಣ್ಣಿಗೆ ಸಲ್ಲಬೇಕಾದದ್ದು ಸಲ್ಲಬೇಡವೇ? ಹಾಗಾಗಿ ಪ್ರತಿ ಆಯುಧಪೂಜೆಗೆ ನಾವು ತೂಕದ ಕೋಣೆಯ ಹೆಂಗಸರು ದುಡ್ಡು ಸೇರಿಸಿ ಜಯನಗರ ನಾಲ್ಕನೇ ಬ್ಲಾಕಿನಿಂದ ಒಳ್ಳೆಯ ರವಿಕೆ ಕಣ ತಂದು, ಕಂಪನಿಯ ಮೊಟ್ಟಮೊದಲ ತಕ್ಕಡಿಗೆ ಅರಿಶಿನ ಕುಂಕುಮ ಇಟ್ಟು, ಗಾಜಿನ ಪೆಟ್ಟಿಗೆಯ ಮೇಲೆ ಆ ಕಣ ಹೊದಿಸುತ್ತಿದ್ದೆವು. ಬಣ್ಣ ಆರಿಸುವುದಕ್ಕೇ ಒಂದು ವಾರ ಜಗಳವಾಗುತ್ತಿತ್ತು. ಕಳೆದ ವರ್ಷ ಉಟ್ಟ ಬಣ್ಣವನ್ನೇ ಮುಳ್ಳಿಗೆ ಮತ್ತೆ ಕೊಡಬಾರದು ಎನ್ನುವಷ್ಟು ಮುಂದೆ ಹೋಗಿದ್ದೆವು ನಾವು.

ಸರಿ, ಚರಿತ್ರೆಯ ವಿಷಯಕ್ಕೆ ಬರುತ್ತೇನೆ. ಕಂಪನಿ ಕಟ್ಟಿದ ದೊಡ್ಡ ಯಜಮಾನರು ತೀರಿಕೊಂಡು ಬಹಳ ಕಾಲವಾಯಿತು. ಈಗ ನಡೆಸುವವರು ಅವರ ಮಗ. ಐವತ್ತು ದಾಟಿದರೂ ನಮಗೆಲ್ಲ ಅವರು ಸಣ್ಣ ಯಜಮಾನರೇ. ಒಳ್ಳೆಯವರು, ಆದರೆ ಹೊಸ ಹೊಸ ವಿಡಿಯೋ ನೋಡಿ ಹೊಸ ಹೊಸ ಹುಚ್ಚು ಹಿಡಿಸಿಕೊಳ್ಳುವವರು. ನನ್ನನ್ನು ಕ್ಯಾಬಿನ್ನಿಗೆ ಕರೆಸಿ ಹೇಳಿದರು:

‘ಮೇಡಂ, ಓಪನಿಂಗ್ ಸಖತ್ತಾಗಿರ್ಬೇಕು. ಗ್ಯಾರೇಜಿಂದ ಶುರು ಮಾಡಿ. ದೊಡ್ಡ ದೊಡ್ಡ ಕಂಪನಿ ಎಲ್ಲಾ ಗ್ಯಾರೇಜಲ್ಲೇ ಹುಟ್ಟಿರೋದು.’

‘ಗ್ಯಾರೇಜು ಇತ್ತಾ ಸಾರ್ ನಿಮ್ಮನೇಲಿ?’

‘ಇರುತ್ತೆ ಮೇಡಂ. ಜಯನಗರದ ಮನೆ ಅಂದ್ಮೇಲೆ ಒಂದು ಗ್ಯಾರೇಜ್ ಇರಲ್ವಾ? ನಾನು ಆಗ ತೊಟ್ಟಿಲಲ್ಲಿದ್ದೆ, ನಂಗೇನು ಗೊತ್ತು. ಅಮ್ಮನ್ನ ಕೇಳಿ.’

ಆ ಹಳೆಯ ಮನೆಯನ್ನು ಮಗ ಚಿಕ್ಕವರಿದ್ದಾಗಲೇ ಕೆಡವಿ ಕಟ್ಟಿದ ಮನೆಯ ಕೆಳಗಿನ ಭಾಗದಲ್ಲಿ ಅವರ ಅಮ್ಮ ಇದ್ದಾರೆ, ಮೇಲೆ ಮಗ ಸೊಸೆ. ನಾವು ಅವರನ್ನು ಅಮ್ಮಾವ್ರು ಎನ್ನುತ್ತೇವೆ. ಎಂಬತ್ತರ ಹತ್ತಿರ. ಬೆಳಿಗ್ಗೆ ಪಾರ್ಕಿನಲ್ಲಿ ನಾಲ್ಕು ಸುತ್ತು, ಸಂಜೆ ನಾಲ್ಕು ಸುತ್ತು, ಮಧ್ಯೆ ಮನೆಯೊಳಗೆ ಲೆಕ್ಕವಿಲ್ಲದಷ್ಟು. ಒಂದು ಕಡೆ ನಿಂತು ಮಾತಾಡಿದ್ದನ್ನು ನಾನು ಕಂಡಿಲ್ಲ. ಫ್ಯಾಕ್ಟರಿಗೆ ಅವರು ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಯಂತ್ರಗಳೆಲ್ಲ ಹೂವು ಮುಡಿದು ಸುಮ್ಮನಿರುವಾಗ. ಹಾಗಾಗಿ ನಮ್ಮ ಕೆಲಸದ ಮಾತು ಅವರ ಕಿವಿಗೆ ಬಿದ್ದಿರಲೇ ಇಲ್ಲ.

ಜೆ.ಪಿ. ನಗರದ ನಮ್ಮ ಫ್ಯಾಕ್ಟರಿಯಿಂದ ಅವರ ಮನೆಗೆ ಆಟೋದಲ್ಲಿ ಹತ್ತು ನಿಮಿಷ, ಸಿಗ್ನಲ್ಲು ಸೇರಿದರೆ ಅರ್ಧ ಗಂಟೆ. ಹೋಗಿ ಗ್ಯಾರೇಜಿನ ವಿಷಯ ಕೇಳಿದೆ.

‘ಗ್ಯಾರೇಜಾ?’ ಅಮ್ಮಾವ್ರು ಕಾಫಿ ಲೋಟ ಹಿಡಿದುಕೊಂಡೇ ಹಜಾರದ ಆ ತುದಿಯಿಂದ ಈ ತುದಿಗೆ ನಡೆದರು. ‘ಸೈಕಲ್ ಒಳಗಿಡೋಕೆ ಜಾಗ ಇರ್ಲಿಲ್ಲ ಕಣೇ, ಗ್ಯಾರೇಜಂತೆ! ಶುರುವಾಗಿದ್ದು ನನ್ನ ಅಡುಗೆಮನೇಲಿ. ಇವರು ಕಾಲೇಜ್ ಲ್ಯಾಬಲ್ಲಿ ಕೆಲ್ಸದಲ್ಲಿದ್ರು. ಅಲ್ಲಿ ಕೆಟ್ಟ ಫಾರಿನ್ ತಕ್ಕಡಿ ರಿಪೇರಿ ಮಾಡಿ ಮಾಡಿ, ನಾನೇ ಒಂದು ಮಾಡ್ತೀನಿ ಅಂದ್ರು. ಇಲ್ಲೇ ಪಕ್ಕದ ಸಿದ್ದಾಪುರದಲ್ಲಿ ಯಾರೋ ಎರಕ ಹುಯ್ಯೋರ ಹತ್ರ ಹಿತ್ತಾಳೆ ದಂಡ ಮಾಡಿಸ್ಕೊಂಡು ಬಂದ್ರು. ತಕ್ಕಡಿ ಇಡೋಕೆ ಅಲುಗಾಡ್ದೇ ಇರೋ ಕಲ್ಲು ಬೇಕು ಅಂತ ಮನೆಯೆಲ್ಲಾ ಹುಡುಕಿದ್ರು. ಎಲ್ಲಿತ್ತು ಹೇಳು? ನನ್ನ ಅಡುಗೆ ಕಟ್ಟೆ! ಒಲೆ ಕೆಳಗಿಳೀತು, ತಕ್ಕಡಿ ಮೇಲೆ ಹತ್ತಿತು.’

ನಾನು ಬರೆದುಕೊಂಡೆ. ಮಾತಿಗೆ ಮಾತು ಬಂದು, ಈ ಸಲದ ಆಯುಧಪೂಜೆಗೆ ಅಮ್ಮಣ್ಣಿಗೆ ಯಾವ ಬಣ್ಣದ ಕಣ ತರುವುದೆಂದು ಈಗಲೇ ಗಲಾಟೆ ಶುರುವಾಗಿದೆ ಎಂದೆ.

ಅಮ್ಮಾವ್ರು ನಡೆಯುವುದನ್ನು ನಿಲ್ಲಿಸಿದರು. ‘ಯಾರಿಗೆ?’

‘ಅಮ್ಮಣ್ಣಿಗೆ ಅಮ್ಮಾ. ತಕ್ಕಡಿ ಮುಳ್ಳಿಗೆ. ನಾವೆಲ್ಲ ಹಾಗೇ ಅನ್ನೋದು. ಅಮ್ಮಣ್ಣಿ ನಿಂತ್ಲಾ ಅಂತ ಕೇಳಿದ್ರೆ, ನಿಂತ್ರು ಸಾರ್ ಅನ್ಬೇಕು.’

ಅವರು ಲೋಟ ಕೆಳಗಿಟ್ಟರು. ಮೊದಲು ಅಳುತ್ತಿದ್ದಾರೇನೋ ಎಂದುಕೊಂಡೆ. ನೋಡಿದರೆ ನಗು! ಹೊಟ್ಟೆ ಹಿಡಿದುಕೊಂಡು ಸೋಫಾದ ಮೇಲೆ ಕುಸಿದು ಕೂತರು.

‘ಅಯ್ಯೋ ಮಂಕುಗಳಾ! ಅಮ್ಮಣ್ಣಿ ನಾನು ಕಣೇ! ಇವರು ನನ್ನ ಕರೀತಿದ್ದಿದ್ದು ಹಾಗೆ. ನಾನು ಓಡಾಡಿದ್ರೆ ಸೆರಗಿನ ಗಾಳಿಗೆ ಮುಳ್ಳು ಕುಣಿಯೋದು. ಇವರಿಗೆ ಮುಳ್ಳಿನಿಂದ ಕಣ್ಣು ತೆಗೆಯೋ ಹಾಗಿಲ್ಲ. ಅದಕ್ಕೆ ಮೇಸ್ತ್ರೀನ ಅಡುಗೆಮನೆ ಬಾಗಿಲಲ್ಲಿ ನಿಲ್ಲಿಸಿ ಕೇಳೋರು, ಅಮ್ಮಣ್ಣಿ ನಿಂತ್ಲಾ ಅಂತ. ಆ ಮೇಸ್ತ್ರಿ ಪಾಪ ನನ್ನ ನೋಡಿ ಹೇಳೋರು, ನಿಂತ್ರು ಸಾರ್.’

ಗಂಡ ಕೇಳಿದ್ದು ಏಕವಚನ, ಮೇಸ್ತ್ರಿ ಹೇಳಿದ್ದು ಬಹುವಚನ. ಮೂವತ್ತು ವರ್ಷದ ನನ್ನ ವ್ಯಾಕರಣದ ಸಮಸ್ಯೆ ಮೂರು ನಿಮಿಷದಲ್ಲಿ ಬಗೆಹರಿದಿತ್ತು.

‘ಹಾಗಾದ್ರೆ ನನ್ನ ಕಣಗಳೆಲ್ಲ ಆ ಹಿತ್ತಾಳೆ ಕಡ್ಡಿಗೆ ಹೋಯ್ತಾ? ಇಷ್ಟು ವರ್ಷದ್ದು!’ ಅವರು ಕಣ್ಣೊರೆಸಿಕೊಂಡರು. ಆಮೇಲೆ ದನಿ ಬದಲಾಯಿತು. ‘ನಗೋ ಮಾತಲ್ಲ ಕಣೇ ಅದು. ಐದು ವರ್ಷ ನಿಂತಿದ್ದೀನಿ. ಕೈಯಲ್ಲಿ ಸೌಟು ಹಿಡ್ಕೊಂಡು, ಎತ್ತಿದ ಕಾಲು ಎತ್ತಿದ ಹಾಗೇ. ಒಲೆ ಶಾಖಕ್ಕೂ ಮುಳ್ಳು ಓಡುತ್ತೆ ಅಂತ ಅದನ್ನೂ ಆರಿಸೋರು. ಅರ್ಧ ಬೆಂದ ಅನ್ನ ಎಷ್ಟು ದಿನ ತಿಂದಿದ್ದೀವೋ. ಒಳಗೆ ಮಗು ಅಳೋದು. ಹೋಗಿ ಎತ್ಕೊಳ್ಳೋ ಹಾಗಿಲ್ಲ. ಎದೆ ಹಿಂಡಿದ ಹಾಗಾಗೋದು, ಆದ್ರೂ ನಿಂತಿದ್ದೆ. ಮಗೂದು ಬರೀಬೇಡ, ಅವನಿಗೆ ಬೇಜಾರಾಗುತ್ತೆ. ಆದ್ರೆ ನಾನು ನಿಂತಿದ್ದು ಬರೀತೀಯಾ? ಇವರು ಮಾಡಿದ್ದು ಎಲ್ಲರಿಗೂ ಗೊತ್ತು. ನಾನು ನಿಂತಿದ್ದು ನೋಡಿದ್ದು ಆ ಮೇಸ್ತ್ರಿ ಒಬ್ಬರೇ, ಅವರೂ ಹೋದ್ರು. ಒಂದು ಸಾಲು ಸಾಕು.’

ಬರೆಯುತ್ತೇನೆ ಅಮ್ಮಾ ಎಂದೆ.

ಒಂದು ಸಾಲು ಕೇಳಿದರೆ ನಾನು ಒಂದು ಪುಟ ಬರೆದೆ. ಮಗುವಿನ ಮಾತೊಂದು ಬಿಟ್ಟು ಎಲ್ಲವೂ ಇತ್ತು: ಕಟ್ಟೆ, ಸೌಟು, ಅರ್ಧ ಬೆಂದ ಅನ್ನ. ಸಣ್ಣ ಯಜಮಾನರು ಓದಿದರು. ನಕ್ಕರು. ಆಮೇಲೆ ಕೆಂಪು ಪೆನ್ನು ತೆಗೆದು ಪುಟದ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದರು.

‘ಚೆನ್ನಾಗಿದೆ ಮೇಡಂ, ಕಾಮಿಡಿ. ಆದ್ರೆ ಕಸ್ಟಮರ್ಸ್ ಓದ್ತಾರೆ. ಅಡುಗೆಮನೇಲಿ ಮಾಡಿದ ಇನ್ಸ್ಟ್ರುಮೆಂಟ್ ಅಂದ್ರೆ ಏನು ಬೆಲೆ? ಗ್ಯಾರೇಜ್ ಅಂತಾನೇ ಇರ್ಲಿ.’

‘ಸಾರ್, ಗ್ಯಾರೇಜೇ ಇರ್ಲಿಲ್ವಂತೆ. ಹೋಗ್ಲಿ, ಅಮ್ಮಾವ್ರು ನಿಂತಿದ್ದಾದ್ರೂ...’

‘ಸುಮ್ನೆ ನಿಂತಿದ್ದು ಒಂದು ಹಿಸ್ಟರಿನಾ ಮೇಡಂ? ಏನಾದ್ರೂ ಮಾಡಿದ್ರೆ ಬರೀಬಹುದು. ನಿಂತಿದ್ರು ಅಂತ ಹೆಂಗೆ ಬರೆಯೋದು?’

ನನಗೆ ರೇಗಿ ಹೋಯಿತು. ನೀವು ತೊಟ್ಟಿಲಲ್ಲಿ ಕಿರುಚುತ್ತಿದ್ದಿರಿ, ಆಗಲೂ ನಿಂತಿದ್ದರು ನಿಮ್ಮಮ್ಮ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಆದರೆ ಅಮ್ಮಾವ್ರು ಬೇಡ ಎಂದಿದ್ದರು. ತುಟಿ ಕಚ್ಚಿಕೊಂಡು ಹೊರಗೆ ಬಂದೆ. ನನ್ನ ಜೀವಮಾನದಲ್ಲಿ ನುಂಗಿಕೊಂಡ ಮಾತು ಅದೊಂದೇ ಇರಬೇಕು. ಬಾಗಿಲನ್ನು ಮಾತ್ರ ಜೋರಾಗಿಯೇ ಹಾಕಿದೆ.

ಪುಸ್ತಕ ಬಂತು. ನುಣುಪಾದ ಕಾಗದ, ಒಳ್ಳೆಯ ಬಣ್ಣ. ಮೂರನೆಯ ಪುಟದಲ್ಲಿ ‘ಜಯನಗರದ ಒಂದು ಪುಟ್ಟ ಗ್ಯಾರೇಜಿನಲ್ಲಿ’ ಎಂದು ದಪ್ಪ ಅಕ್ಷರದಲ್ಲಿತ್ತು. ಮಾತು ಕೊಟ್ಟು ತಪ್ಪಿದವಳಾಗಿ ಅಮ್ಮಾವ್ರ ಮುಖ ಹೇಗೆ ನೋಡಲಿ ಎಂದು ಸಮಾರಂಭಕ್ಕೇ ರಜೆ ಹಾಕುವ ಯೋಚನೆ ಮಾಡಿದೆ. ಆದರೆ ಅಂದು ವೇದಿಕೆಯ ಮೇಲೆ ಮೊದಲ ತಕ್ಕಡಿಯಲ್ಲಿ ಒಂದು ಅಕ್ಕಿಕಾಳು ತೂಗಿ ಉದ್ಘಾಟನೆ ಮಾಡುವುದೆಂದು ಸಣ್ಣ ಯಜಮಾನರು ನಿರ್ಧರಿಸಿದ್ದರು. ಹಿಂದೆ ನಿಂತು ದಂಡ ಬಿಡುವ ಗುಂಡಿ ತಿರುಗಿಸುವುದು ಅವರು, ಮುಂದೆ ಕೂತು ಮುಳ್ಳು ನೋಡುವುದು ನಾನು. ಹಳೆಯ ತಕ್ಕಡಿಯ ಮುಳ್ಳು ಓದಬಲ್ಲವರು ಈಗ ಕಂಪನಿಯಲ್ಲಿ ಇನ್ಯಾರಿದ್ದಾರೆ?

ಸಮಾರಂಭ ಬನಶಂಕರಿಯ ಒಂದು ಕಲ್ಯಾಣ ಮಂಟಪದಲ್ಲಿತ್ತು. ಅಮ್ಮಾವ್ರಿಗೆ ವೇದಿಕೆಯ ಮೇಲೆಯೇ, ಮದುವೆಯ ಸಿಂಹಾಸನದಂಥ ಕುರ್ಚಿ ಹಾಕಿದ್ದರು. ತೊಡೆಯ ಮೇಲೆ ಪುಸ್ತಕ. ಮೂರನೆಯ ಪುಟ ತೆಗೆದು ಕನ್ನಡಕ ಹಾಕಿಕೊಂಡದ್ದು ನನಗೆ ಕಾಣಿಸಿತು. ಓದಿದರು. ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿ ತಕ್ಕಡಿಯ ಗಾಜನ್ನು ಒರೆಸಿದ್ದೇ ಒರೆಸಿದ್ದು. ಆ ಗಾಜು ಆಗಲೇ ಸ್ವಚ್ಛವಾಗಿತ್ತು.

ಫ್ಯಾನುಗಳನ್ನು ಆರಿಸಿದರು. ಅಕ್ಕಿಕಾಳನ್ನು ತಟ್ಟೆಗೆ ಹಾಕಿದ್ದಾಯಿತು. ಸಣ್ಣ ಯಜಮಾನರು ಗುಂಡಿ ತಿರುಗಿಸಿದರು. ಮುಳ್ಳು ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಇಡೀ ಮಂಟಪ ಉಸಿರು ಹಿಡಿದಿತ್ತು. ಅಪ್ಪನಿಂದ ಬಂದ ಅಭ್ಯಾಸ, ಅವರು ಕಾಲರಿನ ಮೈಕಿನಲ್ಲೇ ಕೇಳಿದರು:

‘ಅಮ್ಮಣ್ಣಿ ನಿಂತ್ಲಾ?’

ಕೆಳಗೆ ಕೂತಿದ್ದ ನಮ್ಮ ಕೆಲಸಗಾರರೆಲ್ಲ ನನ್ನ ಉತ್ತರಕ್ಕೆ ದನಿಗೂಡಿಸಲು ಸಜ್ಜಾದರು. ನಾನು ಮಸೂರದಲ್ಲಿ ನೋಡಿದರೆ ಮುಳ್ಳು ನಿಲ್ಲುವ ಬದಲು ಕುಣಿಯತೊಡಗಿದೆ! ಹಲಗೆಯ ವೇದಿಕೆ ಧಡ್ ಧಡ್ ಎನ್ನುತ್ತಿದೆ. ತಲೆಯೆತ್ತಿದೆ. ಅಮ್ಮಾವ್ರು ಕುರ್ಚಿಯಿಂದ ಎದ್ದು, ಪುಸ್ತಕ ಕೈಯಲ್ಲಿ ಹಿಡಿದು, ಸೆರಗು ಬೀಸಿಕೊಂಡು, ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಾರೆ.

‘ಇಲ್ಲ ಸಾರ್’ ಎಂದೆ.

ಸಣ್ಣ ಯಜಮಾನರೂ ತಿರುಗಿ ನೋಡಿದರು. ‘ಅಮ್ಮ, ಒಂದು ನಿಮಿಷ ಅಲ್ಲಾಡ್ದೆ ನಿಂತ್ಕೊಳಮ್ಮ.’

ಆ ಮಾತು ಆಡಬಾರದಿತ್ತು ಅವರು. ಅಮ್ಮಾವ್ರು ನೆಟ್ಟಗೆ ಮಗನ ಹತ್ತಿರ ಬಂದರು. ಅವರ ಕಾಲರಿನ ಮೈಕು ಎಲ್ಲರಿಗೂ ಎಲ್ಲವನ್ನೂ ಕೇಳಿಸಿತು.

‘ನಿಲ್ಲಲ್ಲ ಕಣೋ. ನಿಮ್ಮಪ್ಪ ನಿಂತ್ಕೋ ಅಂದಾಗೆಲ್ಲ ನಿಂತಿದ್ದೆ. ನೀನು ತೊಟ್ಟಿಲಲ್ಲಿ ಅಳ್ತಿದ್ದೆ, ಆಗ್ಲೂ ನಿಂತಿದ್ದೆ. ಈ ತಕ್ಕಡಿ ಮೇಲಿನ ಒಂದೊಂದು ಗೀಟಿಗೂ ನಾನು ನಿಂತಿದ್ದೀನಿ. ಗ್ಯಾರೇಜಂತೆ ಗ್ಯಾರೇಜು! ಅದ್ಯಾವ ಗ್ಯಾರೇಜಲ್ಲಿ ನಿಂತಿದ್ನೋ ನಾನು? ಇವತ್ತು ನಿಲ್ಲಲ್ಲ. ನಿನ್ನ ಮುಳ್ಳು ಕುಣೀಲಿ.’

ಹೇಳಿ, ಮತ್ತೆ ನಡೆಯಲು ಶುರು ಮಾಡಿದರು. ಸಣ್ಣ ಯಜಮಾನರು ಗುಂಡಿಯ ಮೇಲೆ ಕೈಯಿಟ್ಟುಕೊಂಡೇ ಅಮ್ಮನ ಪಾದಗಳನ್ನು ನೋಡುತ್ತಿದ್ದರು. ಅವರ ಮುಖ ಚಿಕ್ಕ ಮಗುವಿನದಾಗಿತ್ತು. ಅಮ್ಮಾವ್ರು ಒಂದು ಸುತ್ತು ಮುಗಿಸಿದರು, ಎರಡನೆಯದು ಮುಗಿಸಿದರು. ಅಕ್ಕಿಕಾಳು ತೂಗುತ್ತಲೇ ಇತ್ತು. ಕೊನೆಗೆ ಸಣ್ಣ ಯಜಮಾನರು ಗಂಟಲು ಸರಿಮಾಡಿಕೊಂಡು, ಮೆಲ್ಲಗೆ ಕೇಳಿದರು:

‘ಅಮ್ಮಣ್ಣಿ ನಿಂತ್ರಾ?’

ನಿಂತ್ರಾ! ಮೂವತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಬಹುವಚನದಲ್ಲಿ ನಾನು ಕೇಳಿದ್ದು ಅದೇ ಮೊದಲು. ನಾನು ಬಾಯಿ ತೆಗೆಯುವುದರೊಳಗೆ ಕೆಳಗಿನಿಂದ ನಮ್ಮವರೆಲ್ಲ ಒಂದೇ ದನಿಯಲ್ಲಿ ಕೂಗಿದರು: ‘ಇಲ್ಲಾ ಸಾರ್, ಓಡಾಡ್ತಿದ್ದಾರೆ!’

ನಕ್ಕರು ನೋಡಿ ಜನ! ನಾನೂ ತಕ್ಕಡಿಯ ಮುಂದೆಯೇ, ಗಾಜಿಗೆ ಎಂಜಲು ಸಿಡಿಯುವಷ್ಟು ನಕ್ಕೆ. ಮುಳ್ಳು ಎಲ್ಲೆಲ್ಲಿ ಓಡಿತೋ ದೇವರೇ ಬಲ್ಲ. ಅಕ್ಕಿಕಾಳಿನ ತೂಕ ಇಂದಿಗೂ ಯಾರಿಗೂ ಗೊತ್ತಿಲ್ಲ.

ಹಂಚದೆ ಉಳಿದ ಪುಸ್ತಕಗಳಿಗೆ ಅಂಟಿಸಲು ಒಂದು ತಿದ್ದುಪಡಿ ಚೀಟಿ ಬರೆದುಕೊಡಿ ಎಂದು ಮಾರನೆಯ ದಿನ ಸಣ್ಣ ಯಜಮಾನರೇ ನನಗೆ ಹೇಳಿದರು. ನಾನು ಬರೆದದ್ದು ಇಷ್ಟು: ‘ಮೂರನೆಯ ಪುಟದಲ್ಲಿ ಗ್ಯಾರೇಜು ಎಂದಿರುವಲ್ಲಿ ಅಡುಗೆಮನೆ ಎಂದು ಓದಿಕೊಳ್ಳುವುದು. ತೂಕ ನೋಡುವಾಗಲೆಲ್ಲ ನಮ್ಮ ಅಮ್ಮಾವ್ರು ನಿಂತಿದ್ದರು.’ ಅವರು ಓದಿ, ಅದೇ ಕೆಂಪು ಪೆನ್ನು ತೆಗೆದರು. ಆದರೆ ಏನನ್ನೂ ಹೊಡೆಯಲಿಲ್ಲ. ಕೆಳಗೆ ಒಂದು ಸಾಲು ಸೇರಿಸಿ ಚೀಟಿ ವಾಪಸ್ಸು ಕೊಟ್ಟು, ಕಿಟಕಿಯ ಕಡೆ ತಿರುಗಿ ಕೂತರು.

ಅಚ್ಚಾದ ಮೊದಲ ಚೀಟಿಯನ್ನೂ ಒಂದು ರೇಷ್ಮೆಯ ರವಿಕೆ ಕಣವನ್ನೂ ತೆಗೆದುಕೊಂಡು ಜಯನಗರಕ್ಕೆ ಹೋದೆ. ಅಮ್ಮಾವ್ರು ಕಣವನ್ನು ಬೆಳಕಿಗೆ ಹಿಡಿದು ಬಣ್ಣ ಪರೀಕ್ಷೆ ಮಾಡಿ, ಪರವಾಗಿಲ್ಲ ಎಂದರು. ಆಮೇಲೆ ಕನ್ನಡಕ ಹಾಕಿಕೊಂಡು ಚೀಟಿ ಓದಿದರು. ಮಗ ಸೇರಿಸಿದ ಸಾಲಿನ ಹತ್ತಿರ ಅವರ ಬೆರಳು ನಿಂತಿತು. ಅಲ್ಲಿ ಇದ್ದದ್ದು ಎರಡೇ ಪದ: ‘ನಾನು ಅಳುತ್ತಿದ್ದೆ.’

ಅಮ್ಮಾವ್ರು ಮೂಗು ಒರೆಸಿಕೊಂಡರು. ಆಮೇಲೆ ಎದ್ದು ಅಡುಗೆಮನೆಯ ಕಡೆ ನಡೆದರು, ಕಾಫಿಗೆ. ಒಳಗಿನಿಂದಲೇ ಕೂಗಿ ಹೇಳಿದರು:

‘ಅಳುತ್ತಿದ್ದೆ ಅಂತೆ! ನಾಲ್ಕು ಬೀದಿಗೆ ಕೇಳೋ ಹಾಗೆ ಅರಚ್ತಿದ್ದ ಕಣೇ ಅವನು. ತಕ್ಕಡಿ ಮಾಡೋರು ನೀವು, ಬರೆಯೋದಾದ್ರೆ ಸರಿಯಾಗಿ ಬರೀಬಾರ್ದಾ?’